ಬಿರುಕಿಗೆ ಹೊದಿಸಿದ ಶಾಲು

ತಪ್ಪಾಯಿತು ಎನ್ನಬೇಕಾದ ಜಾಗದಲ್ಲಿ ನಮ್ಮ ಮನೆಯ ಗಂಡಸರು ಶಾಲು ಹೊದಿಸುತ್ತಾರೆ. ಮದುವೆಯಾಗಿ ಸೊಲ್ಲಾಪುರದ ಈ ವ್ಯಾಪಾರಸ್ಥರ ಮನೆಗೆ ಬಂದ ಹೊಸದರಲ್ಲಿ ಇದನ್ನು ನಾನು ದೊಡ್ಡಸ್ತಿಕೆ ಅಂದುಕೊಂಡಿದ್ದೆ. ಗಿರಾಕಿಗೆ ಸಿಟ್ಟು ಬಂದರೆ ಶಾಲು, ಮಾಲು ತಡವಾದರೆ ಶಾಲು, ಬ್ಯಾಂಕಿಗೆ ಹೊಸ ಸಾಹೇಬರು ಬಂದರೆ ಶಾಲು. ದೇವರ ಕೋಣೆಯ ಪಕ್ಕದ ಕಪಾಟಿನ ತುಂಬ ಶಾಲುಗಳೇ. ಮಾವನವರಿಗೆ ಯಾರೋ ಹೊದಿಸಿದ್ದನ್ನು ಮಡಿಕೆ ಕೆಡದಂತೆ ಅದರಲ್ಲಿಡುವುದು, ಮುಂದೆ ಇನ್ಯಾರಿಗೋ ಹೊದಿಸುವುದು. ಒಮ್ಮೆ ಹಸಿರಂಚಿನ ಒಂದು ಶಾಲಿನ ತುದಿಗೆ ನನ್ನ ಕೈಯಿಂದ ಅರಿಶಿನದ ಕಲೆ ಬಿತ್ತು. ಆ ಶಾಲು ಯಾರ್ಯಾರ ಹೆಗಲು ಹತ್ತಿ ಇಳಿಯಿತೋ, ಕೊನೆಗೆ ಅದೇ ಕಲೆಯೊಂದಿಗೆ ನಮ್ಮ ಮಾವನವರ ಹೆಗಲ ಮೇಲೆಯೇ ಕೂತು ಮನೆಗೆ ಬಂತು. ಅವರಿಗೆ ಗುರುತು ಹತ್ತಲಿಲ್ಲ. ಸನ್ಮಾನ ಮಾಡಿಸಿಕೊಳ್ಳುವವರು ಶಾಲನ್ನು ನೋಡುವುದಿಲ್ಲ, ಫೋಟೋ ತೆಗೆಯುವವನನ್ನು ನೋಡುತ್ತಾರೆ.

ನಮ್ಮ ಅಂಗಡಿ ಅಕ್ಕಲಕೋಟ ರಸ್ತೆಯಲ್ಲಿದೆ. ಅಂಗಡಿ ಎಂದರೆ ಮುಂದೊಂದು ತಗಡಿನ ಮಾಡು, ಅದರ ಕೆಳಗೆ ಮಾವನವರ ಗಾದಿ, ಸುತ್ತಲಿನ ಬಯಲಲ್ಲಿ ಸಾಲಾಗಿ ನಿಂತ ಕೆಂಪು ಟ್ರೇಲರ್‌ಗಳು. ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಸಿ ಕಬ್ಬು ಹೇರುವಂಥವು. ಕಟ್ಟುವುದು ಬೇರೆಯವರ ಕಂಪನಿ, ಮಾರುವುದು ನಾವು. ನನ್ನ ತವರು ನಾಗಣಸೂರ. ಅಲ್ಲಿ ಹೊಲಮನೆ ನೋಡಿಕೊಂಡಿರುವ ನನ್ನ ಅಣ್ಣನ ಟ್ರೇಲರೂ ನಮ್ಮ ಅಂಗಡಿಯದೇ. ಬೀಗರ ಅಂಗಡಿಯ ಮಾಲು ಎಂದು ಊರಲ್ಲಿ ಹೇಳಿಕೊಂಡು ತಿರುಗಿದ್ದ. ಅದರಲ್ಲಿ ಹೇಳಿಕೊಳ್ಳುವಂಥದ್ದು ಏನಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ.

ಆ ವರ್ಷ ಮಳೆಗಾಲ ಮುಗಿಯುತ್ತ ಬಂದಾಗ ನಾವು ಮಾರಿದ ಟ್ರೇಲರೊಂದು ಮರಳು ಹೇರಿಕೊಂಡು ನಿಂತಲ್ಲೇ ಮುಗ್ಗರಿಸಿತು. ಟ್ರ್ಯಾಕ್ಟರಿನ ಕೊಂಡಿಗೆ ಸಿಕ್ಕಿಸುವ ಮುಂದಿನ ಕಬ್ಬಿಣದ ತೊಲೆ ಬುಡದಲ್ಲೇ ಕಿತ್ತು ಬಂದಿತ್ತು. ಯಾರಿಗೂ ಏನೂ ಆಗಲಿಲ್ಲ. ಕಂಪನಿಯಿಂದ ಒಬ್ಬ ಇಂಜಿನಿಯರ್ ಬಂದು ನಮ್ಮ ಬಯಲಲ್ಲಿದ್ದ ಟ್ರೇಲರ್‌ಗಳ ಕೆಳಗೆ ಮಲಗಿ ಎದ್ದು, ಮೈಮೇಲಿನ ಮಣ್ಣು ಕೊಡವಿಕೊಳ್ಳುತ್ತ ಮರಾಠಿಯಲ್ಲಿ ವಿಷಯ ಹೇಳಿದ. ಮುರಿದದ್ದರ ಜೊತೆ ಕಟ್ಟಿದ ಆ ಸಲದ ಟ್ರೇಲರ್‌ಗಳಲ್ಲೆಲ್ಲ ತೊಲೆ ಚಾಸಿಗೆ, ಎಂದರೆ ಕೆಳಗಿನ ಚೌಕಟ್ಟಿಗೆ, ಕೂಡುವ ಕಡೆ ಹಾಕಿದ ಪ್ಲೇಟು ತೆಳುವಾಗಿದೆ. ಭಾರ ಬಿದ್ದಂತೆಲ್ಲ ಬೆಸುಗೆಯ ಪಕ್ಕದಲ್ಲಿ ಬಿರುಕು ಬಿಡುತ್ತದೆ, ಒಂದು ದಿನ ಕಿತ್ತು ಬರುತ್ತದೆ. ಮಾರಿದ್ದನ್ನೆಲ್ಲ ವಾಪಸ್ ಕರೆಸಬೇಕು, ಹಳೆ ಪ್ಲೇಟು ಕೊಯ್ದು ದಪ್ಪನೆಯದು ಹಾಕಬೇಕು, ಖರ್ಚು ಕಂಪನಿಯದು. ಬಿರುಕಿನ ಮೇಲೆ ಬರೀ ವೆಲ್ಡಿಂಗ್ ಹೊಡೆದರೆ ಉಪಯೋಗವಿಲ್ಲ, ಒಳಗೆ ಅದು ಬೆಳೆಯುತ್ತಲೇ ಹೋಗುತ್ತದೆ. ಅಲ್ಲಿಯವರೆಗೆ ಟ್ರೇಲರಿಗೆ ಮಾಲು ಹೇರಬಾರದು, ಜನರನ್ನಂತೂ ಹತ್ತಿಸಲೇಬಾರದು. ಗಿರಾಕಿಗಳಿಗೆ ಇಷ್ಟು ತಿಳಿಸುವುದು ಮಾತ್ರ ನಮ್ಮ ಅಂಗಡಿಯ ಕೆಲಸ ಎಂದ.

ತಿಳಿಸುವುದು! ನಮ್ಮ ಮನೆಯಲ್ಲಿ ಅದಕ್ಕಿಂತ ಕಷ್ಟದ ಕೆಲಸವಿಲ್ಲ. ಇಂಜಿನಿಯರ್ ಹೋದ ಮೇಲೆ ಮಾವನವರು ತಂಬಾಕು ತಿಕ್ಕುತ್ತ ಕೂತರು. ಕಾರಿನ ದೊಡ್ಡ ಕಂಪನಿಗಳು ಹೀಗೆ ಮಾಲು ವಾಪಸ್ ಕರೆಸುವ ಸುದ್ದಿಯನ್ನು ಅವರೇ ಪೇಪರಿನಲ್ಲಿ ಓದಿ ಹೇಳುತ್ತಿದ್ದರು, ನೋಡು ಎಂಥ ಪ್ರಾಮಾಣಿಕ ಜನ ಎನ್ನುತ್ತಿದ್ದರು. ತಮ್ಮ ಬುಡಕ್ಕೇ ಬಂದಾಗ ಮಾತು ಬೇರೆಯಾಯಿತು.

"ಮಾಲು ಕೆಟ್ಟದ ಅಂತ ಒಮ್ಮಿ ನಮ್ಮ ಬಾಯಿಲೆ ಬಂತಂದ್ರ ಮುಗೀತು. ಪ್ಲೇಟು ಹಾಕಿಕೊಟ್ಟಿದ್ದು ಮಂದಿ ಮರೀತಾರ, ಕೆಟ್ಟಿದ್ದು ಮರಿಯಂಗಿಲ್ಲ" ಎಂದರು.

ಆಗ ನನ್ನ ಗಂಡನಿಗೆ ಉಪಾಯ ಹೊಳೆಯಿತು. ಅವರಿಗೆ ಉಪಾಯ ಹೊಳೆದಾಗಲೆಲ್ಲ ನಾನು ಒಳಗೆ ಹೋಗಿ ಒಂದು ಲೋಟ ನೀರು ಕುಡಿದು ಬರುತ್ತೇನೆ. ಟ್ರೇಲರ್ ಮಾಲಕರನ್ನೆಲ್ಲ ಕರೆದು ಸತ್ಕಾರ ಮಾಡೋಣ ಎಂದರು. ಟ್ರೇಲರ್ ತಗೊಂಡೇ ಬರಲು ಹೇಳೋಣ. ಮಾಲಕರು ಮುಂದೆ ಕೂತು ತಲೆಗೆ ಫೇಟಾ ಸುತ್ತಿಸಿಕೊಂಡು, ಭಾಷಣ ಕೇಳಿ, ಊಟ ಮಾಡಿ ಏಳುವುದರೊಳಗೆ ಹಿಂದಿನ ಬಯಲಲ್ಲಿ ವೆಲ್ಡರ್‌ಗಳು ಪ್ಲೇಟು ಬದಲಿಸಿ ಬಣ್ಣ ಹೊಡೆದಿರುತ್ತಾರೆ. ಕೇಳಿದವರಿಗೆ, ಖಾಯಂ ಗಿರಾಕಿಗಳೆಂದು ಪುಕ್ಕಟೆ ಗಟ್ಟಿ ಮಾಡಿಕೊಟ್ಟಿದ್ದೇವೆ ಎಂದರಾಯಿತು. ಮಾವನವರ ಮುಖ ಅರಳಿತು. ಮಗ ಕೈಗೆ ಬಂದ ಎಂಬ ಹೆಮ್ಮೆ ಅದರಲ್ಲಿ ಎದ್ದು ಕಾಣುತ್ತಿತ್ತು. ಒಬ್ಬೊಬ್ಬರಿಗೂ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಒಂದು ಮಧ್ಯಾಹ್ನದ ಕೆಲಸವಲ್ಲವೇ ಎಂದು ನಾನು ಕೇಳಿದೆ. ನಿನಗೆ ವ್ಯಾಪಾರ ತಿಳಿಯುವುದಿಲ್ಲ ಎಂದರು. ನಿಜ, ಇಂಥ ವ್ಯಾಪಾರ ನನಗೆ ತಿಳಿಯುವುದಿಲ್ಲ.

ಆಮಂತ್ರಣ ಮರಾಠಿಯಲ್ಲಿ ಅಚ್ಚಾಯಿತು. 'ಭವ್ಯ ಗ್ರಾಹಕ ಸತ್ಕಾರ ಸೋಹಳಾ', ಎಂದರೆ ಸಮಾರಂಭ, ಎಂದು ಮೇಲೆ ಬಂಗಾರದ ಅಕ್ಷರ. ಕನ್ನಡದ ಹಳ್ಳಿಗಳಿಗೆಂದು ಕೆಳಗೆ ಒಂದಿಷ್ಟು ಕನ್ನಡ. ಟ್ರೇಲರ್ ಸಹಿತ ಆಗಮಿಸಬೇಕೆಂಬ ಸಾಲು ಎಲ್ಲಕ್ಕಿಂತ ಕೆಳಗೆ, ಅಡುಗೆಯವರ ಹೆಸರು ಬರೆಯುವಷ್ಟು ಸಣ್ಣದಾಗಿ. ಇಂಜಿನಿಯರ್ ಅದನ್ನು ಓದಿ, ಇದರಲ್ಲಿ ಬಿರುಕಿನ ಮಾತೇ ಇಲ್ಲವಲ್ಲ ಎಂದ. ಫ್ಲೆಕ್ಸಿನಲ್ಲಿ ಅವನದೂ ಒಂದು ಫೋಟೋ ಹಾಕಿಸುತ್ತೇವೆ ಎಂದ ಮೇಲೆ ಮತ್ತೆ ಕೇಳಲಿಲ್ಲ. ಓದಿದವನ ಬಾಯಿ ಮುಚ್ಚಿಸಲು ಅಷ್ಟೇ ಸಾಕಾಯಿತು.

ಯಾರನ್ನು ಕರೆಯಬೇಕು ಎಂದು ಅಪ್ಪ ಮಗ ಕೂತು ಮಾತಾಡುವಾಗ ನಾನು ಚಹಾ ಕೊಡುತ್ತ ಅಣ್ಣನನ್ನು ನೆನಪಿಸಿದೆ. ಅವನದೂ ಅದೇ ಸಲದ ಟ್ರೇಲರ್. ಮಾವನವರು ಕೇಳಿಸಲಿಲ್ಲವೆಂಬಂತೆ ಬಸಿಯಲ್ಲಿ ಚಹಾ ಸುರುವಿಕೊಂಡರು. ಇನ್ನೊಮ್ಮೆ ಹೇಳಿದೆ. ಆಗ ಬಂತು ಮಾತು. ಅಣ್ಣನ ಮಗಳ ಮದುವೆಯಲ್ಲಿ ತಮಗೆ ಯಾವ ಮರ್ಯಾದೆ ಸಿಕ್ಕಿತ್ತು ಎಂದು ಕೇಳಿದರು.

ನಮ್ಮ ಕಡೆಯ ಮದುವೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಕಾಣದವರಿಗೆ ಹೇಳುತ್ತೇನೆ. ಅಕ್ಷತೆಗೆ ಮುಂಚೆ ಮೈಕಿನಲ್ಲಿ ಕರೆದು ಕರೆದು ಗಂಡಸರಿಗೆ ಮಾನ ಕೊಡುತ್ತಾರೆ. ದೊಡ್ಡವರಿಗೆ ಫೇಟಾ, ಶಾಲು, ಕಾಯಿ. ಉಳಿದವರಿಗೆ ಟೋಪಿ, ಟವೆಲು. ಬಿಸಿಲಲ್ಲಿ ಮದುಮಗಳು ಬೆವೆತು ನಿಂತಿರುತ್ತಾಳೆ, ಮುಹೂರ್ತ ಮೀರಿ ಹೋಗುತ್ತಿರುತ್ತದೆ, ಇವರ ತಲೆಗೆ ಬಟ್ಟೆ ಸುತ್ತುವುದು ಮುಗಿಯುವುದಿಲ್ಲ. ಆ ದಿನ ಒಬ್ಬ ಪುಢಾರಿ ತನ್ನ ಬಳಗ ಕಟ್ಟಿಕೊಂಡು ಕರೆಯದೆ ಬಂದಿದ್ದ. ಅವರಿಗೆಲ್ಲ ಸುತ್ತುವಷ್ಟರಲ್ಲಿ ಫೇಟಾ ತೀರಿ, ನಮ್ಮ ಮಾವನವರ ಸರದಿಗೆ ಟೋಪಿ ಟವೆಲು ಬಂತು. ಅವರು ಅದನ್ನು ತೊಟ್ಟು ಊಟ ಮಾಡಿದರು, ಹೋಳಿಗೆ ಎರಡನೇ ಸಲ ಹಾಕಿಸಿಕೊಂಡರು, ಮನೆಗೆ ಬಂದು ಟೋಪಿಯನ್ನು ಅಂಗಳಕ್ಕೆ ಎಸೆದರು. ಅವತ್ತಿನಿಂದ ಬೀಗರಿಗೂ ಬೀಗರಿಗೂ ಮಾತಿಲ್ಲ. ಅಣ್ಣನೇನು ಕಡಿಮೆಯಲ್ಲ. ಫೇಟಾ ತೀರಿತ್ತು, ತಪ್ಪು ತಿಳಿಯಬೇಡಿ ಎಂಬ ಒಂದು ಮಾತು ಅವನ ಬಾಯಿಂದಲೂ ಹೊರಡಲಿಲ್ಲ.

"ಅವನಿಗೆ ಶಾಲು ಹೊದಿಸಾಕ ನಾ ಏನು ಕೈಯಾಗ ಬಳಿ ಇಟಗೊಂಡಿಲ್ಲ" ಎಂದರು ಮಾವನವರು. ಬಳೆ ಇಟ್ಟುಕೊಂಡ ನಾನು ಖಾಲಿ ಬಸಿ ಎತ್ತಿಕೊಂಡು ಒಳಗೆ ಹೋದೆ.

ಅಣ್ಣನಿಗೆ ಶಾಲು ಬೇಕಾಗಿರಲಿಲ್ಲ, ಪ್ಲೇಟು ಬೇಕಾಗಿತ್ತು. ಅವನ ಟ್ರೇಲರಿನಲ್ಲಿ ಕಬ್ಬು ಮಾತ್ರ ಹೋಗುವುದಿಲ್ಲ. ಹೊಲಕ್ಕೆ ಆಳು ಹೆಣ್ಣುಮಕ್ಕಳನ್ನು ಅದರಲ್ಲೇ ಕೂರಿಸಿಕೊಂಡು ಹೋಗುತ್ತಾರೆ, ಅವರ ಜೊತೆಗೆ ವೈನಿ, ಎಂದರೆ ಅಣ್ಣನ ಹೆಂಡತಿ, ಬುತ್ತಿಯ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾಳೆ. ಅದು ನನ್ನ ಕಣ್ಣ ಮುಂದೆಯೇ ಇತ್ತು. ಅವತ್ತೇ ಅಣ್ಣನಿಗೆ ಫೋನ್ ಮಾಡಿ ಇಂಜಿನಿಯರ್ ಹೇಳಿದ್ದನ್ನು ಒಂದೂ ಬಿಡದೆ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ. ಆದರೆ ಸತ್ಕಾರದ ಸುದ್ದಿ ನನಗಿಂತ ಮೊದಲೇ ಅವನ ಊರು ಮುಟ್ಟಿತ್ತು. ಕರಜಗಿಯಲ್ಲಿ ಯಾರಿಗೋ ಆಮಂತ್ರಣ ಹೋಗಿತ್ತು, ಅವರು ಅದನ್ನು ಮೊಬೈಲಿನಲ್ಲಿ ಊರೂರಿಗೆ ಕಳಿಸಿದ್ದರು.

"ಎಲ್ಲಾರ ಗಾಡಿಗೂ ಮಾನ, ನನ್ನ ಗಾಡಿಗಷ್ಟ ಬಿರಕು. ಇದನ್ನ ಹೇಳು ಅಂತ ನಿಮ್ಮ ಮಾವ ಕಲಿಸ್ಯಾನೇನು?" ಎಂದ.

ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಅವನ ಲೆಕ್ಕವೂ ನನಗೆ ತಿಳಿಯಿತು. ಅಂಥದೇ ಟ್ರೇಲರ್ ಕೊಂಡ ಊರೂರ ಗಂಡಸರಿಗೆಲ್ಲ ಅಭಿನಂದನೆ ಬಂದಿದೆ, ಅವನಿಗೆ ಮಾತ್ರ ನಿನ್ನದು ಮುರಿಯುತ್ತದೆ ಎಂಬ ಮಾತು ಬಂದಿದೆ. ನಮ್ಮ ಮನೆಯ ಜಾಣರು ಸುಳ್ಳನ್ನು ಎಷ್ಟು ಚಂದ ಅಚ್ಚು ಹಾಕಿಸಿದ್ದರೆಂದರೆ, ನಿಜ ಹೇಳಿದರೆ ಅದು ಬೈಗುಳವಾಗಿ ಕೇಳುತ್ತಿತ್ತು. ಕರೆಯದೆ ಇನ್ನೊಬ್ಬರ ಬಾಗಿಲಿಗೆ ಹೋಗಿ ನಿಲ್ಲುವಂಥ ಹೊಟ್ಟೆಗಿಲ್ಲದವನು ತಾನಲ್ಲ ಎಂದು ಹೇಳಿ ಫೋನ್ ಇಟ್ಟ.

ಸತ್ಕಾರದ ದಿನ ಬಂತು. ಪೆಂಡಾಲು, ಸನಾದಿ, ಮಾವನವರ ನಗುವ ಮುಖದ ಫ್ಲೆಕ್ಸು. ಹಿಂದಿನ ಬಯಲಲ್ಲಿ ಕಂಪನಿಯ ವೆಲ್ಡರ್‌ಗಳು ಬೆಳಿಗ್ಗೆಯೇ ಗ್ಯಾಸಿನ ಸಿಲಿಂಡರ್ ಇಳಿಸಿ, ದಪ್ಪ ಪ್ಲೇಟುಗಳನ್ನು ಒಟ್ಟಿಕೊಂಡು ಕಾದು ಕೂತಿದ್ದರು. ಮಾಲಕರೆಲ್ಲ ಬಂದರು. ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು, ಅತ್ತರು ಹಚ್ಚಿಕೊಂಡು, ಕಾರಿನಲ್ಲಿ, ಮೋಟಾರ್ ಸೈಕಲ್ಲಿನಲ್ಲಿ, ಬೇರೆಯವರ ಜೀಪಿನಲ್ಲಿ ಬಂದರು. ಟ್ರೇಲರ್ ತರಲಿಲ್ಲ. ಯಾಕೆ ತರುತ್ತಾರೆ? ಸನ್ಮಾನಕ್ಕೆ ಬಾ ಎಂದವನ ಮನೆಗೆ ಯಾರಾದರೂ ಸಗಣಿ ಮೆತ್ತಿದ ಟ್ರೇಲರ್ ಎಳೆದುಕೊಂಡು ಬರುತ್ತಾರೆಯೇ? ನನ್ನ ಗಂಡ ರಸ್ತೆಯ ತುದಿಯವರೆಗೆ ಹೋಗಿ ಹೋಗಿ ನೋಡಿ ಬಂದರು.

ಹಾಗಿದ್ದೂ ಕೆಲವರು ತಂದಿದ್ದರು. ಅವು ಮದುಮಗಳಂತೆ ಶೃಂಗಾರವಾಗಿದ್ದವು. ಬಾಳೆಕಂಬ, ಚೆಂಡುಹೂವಿನ ಹಾರ, ತೊಲೆಯ ಮೇಲೆ ಆಗಷ್ಟೇ ಒಡೆದ ಕಾಯಿ. ವೆಲ್ಡರ್ ಬೆಂಕಿ ಹೊತ್ತಿಸಿಕೊಂಡು ಹತ್ತಿರ ಹೋದಾಗ ಮಾಲಕರು ಅವನ ಮೇಲೆ ಹರಿಹಾಯ್ದರು. ಪೂಜೆಯಾದ ಗಾಡಿಯನ್ನು ಅದೇ ದಿನ ಕೊಯ್ಯುವುದೇ? ನನ್ನ ಗಂಡ ನಡುವೆ ಹೋಗಿ, ಪುಕ್ಕಟೆ ರೀ, ಗಟ್ಟಿ ಆಗ್ತದ ರೀ, ಎಂದು ಹಲ್ಲು ಕಿರಿದರು. ಮುಂದೆ ನೋಡೋಣ ಬಿಡಿ, ಈಗೇನು ಅವಸರ, ಎಂದು ಅವರು ಪೆಂಡಾಲಿನ ಕಡೆ ನಡೆದರು. ಅವಸರ ಏನು ಎಂಬ ಒಂದೇ ಮಾತನ್ನು ಹೇಳಲು ಇಷ್ಟೆಲ್ಲ ಖಟಾಟೋಪ ನಡೆದಿತ್ತು, ಆ ಒಂದು ಮಾತು ಮಾತ್ರ ಯಾರ ಬಾಯಿಂದಲೂ ಬರಲಿಲ್ಲ.

ಭಾಷಣಗಳಾದವು. ಒಬ್ಬರು ಮರಾಠಿಯಲ್ಲಿ ರೈತನನ್ನು ರಾಜನೆಂದರು, ಇನ್ನೊಬ್ಬರು ಕನ್ನಡದಲ್ಲಿ ದೇವರೆಂದರು. ರಾಜನೂ ದೇವರೂ ಆದವನಿಗೆ ನಿನ್ನ ಟ್ರೇಲರ್ ಮುರಿಯುತ್ತದಪ್ಪ ಎಂದು ಹೇಳಲು ಇಬ್ಬರಿಗೂ ನಾಲಗೆ ಹೊರಳಲಿಲ್ಲ. ಇಂಜಿನಿಯರನಿಗೂ ಫೇಟಾ ಸುತ್ತಿದರು. ಅವನು ಕಣ್ಣಿನ ಮೇಲೆ ಇಳಿದ ಅದನ್ನು ಮೇಲೆತ್ತಿಕೊಳ್ಳುತ್ತ ಫೋಟೋಕ್ಕೆ ನಿಂತ. ಊಟಕ್ಕೆ ಗೋಧಿ ಹುಗ್ಗಿ, ಕಡಕ್ ರೊಟ್ಟಿ, ಶೇಂಗಾ ಹಿಂಡಿ. ವೆಲ್ಡರ್‌ಗಳು ಕೊನೆಯ ಪಂಕ್ತಿಯಲ್ಲಿ ಉಂಡು, ದಪ್ಪ ಪ್ಲೇಟುಗಳಲ್ಲಿ ಒಂದನ್ನೂ ಮುಟ್ಟದೆ, ಸಿಲಿಂಡರ್ ಹೇರಿಕೊಂಡು ಹೋದರು. ಕಾರ್ಯಕ್ರಮ ಭರ್ಜರಿ ಆಯಿತು ಎಂದು ಮಾವನವರು ಸಂಜೆ ಕಾಲು ಒತ್ತಿಸಿಕೊಳ್ಳುತ್ತ ಹೇಳಿದರು. ಗಾಡಿಗಳ ಗತಿ ಏನು ಎಂದು ನಾನು ಕೇಳಿದ್ದಕ್ಕೆ, ಮುಂದಿನ ಸಲ ನೋಡೋಣ ಎಂದರು. ಅವರಿಗೆ ಆಗಲೇ ಇನ್ನೊಂದು ಸತ್ಕಾರ ಕಾಣತೊಡಗಿತ್ತು.

ದೀಪಾವಳಿ ಕಳೆದು, ಸಕ್ಕರೆ ಕಾರ್ಖಾನೆ ಸುರುವಾಗುವ ಹೊತ್ತಿಗೆ ನಾನೇ ಎಸ್ಟಿ ಬಸ್ಸು ಹತ್ತಿ ನಾಗಣಸೂರಕ್ಕೆ ಹೋದೆ. ಟ್ರೇಲರ್ ಬೇವಿನ ಗಿಡದ ಕೆಳಗೆ ನಿಂತಿತ್ತು. ಖಂಡೆನವಮಿಯ ಆಯುಧಪೂಜೆಯ ದಿನ ಎಣ್ಣೆಯಲ್ಲಿ ಕಲಸಿ ತೊಲೆಗೆ ಬಳಿದ ಕುಂಕುಮ ಹಾಗೇ ಗಟ್ಟಿಯಾಗಿತ್ತು. ನಾನು ಕೂತು ಸೆರಗಿನಿಂದ ಗಸಗಸ ತಿಕ್ಕಿದೆ. ವೈನಿ ಬಂದು ಪಕ್ಕದಲ್ಲಿ ಕೂತಳು. ಎಲ್ಲ ಕಡೆಯಿಂದ ಕುಂಕುಮ ಎದ್ದು ಬಂತು, ಬೆಸುಗೆಯ ಪಕ್ಕದಲ್ಲಿ ಕೂದಲಿನಷ್ಟು ತೆಳ್ಳಗೆ ಒಂದು ಗೆರೆ ಮಾತ್ರ ಕೆಂಪಗೇ ಉಳಿಯಿತು. ಎಷ್ಟು ತಿಕ್ಕಿದರೂ ಹೋಗಲಿಲ್ಲ. ಅದು ಒಳಗೆ ಇಳಿದಿತ್ತು.

ಅಣ್ಣನನ್ನು ಕರೆದು ತೋರಿಸಿದೆ. ಅವನು ಬಗ್ಗಿ ಉಗುರಿನಿಂದ ಕೆರೆದು ನೋಡಿದ. ಅವನ ಮುಖ ಸಣ್ಣದಾದದ್ದನ್ನು ನಾನು ಕಂಡೆ. ಈಗಲಾದರೂ ಸೊಲ್ಲಾಪುರಕ್ಕೆ ತಾ, ಕಂಪನಿಯವರು ಹಾಕಿಕೊಡುತ್ತಾರೆ, ನಮ್ಮ ಮಾವನ ಮುಖ ಕೂಡ ನೀನು ನೋಡಬೇಕಾಗಿಲ್ಲ ಎಂದೆ. ಅವನು ನೆಟ್ಟಗೆ ನಿಂತ. ನಿಂತ ಕೂಡಲೇ ಮಾನ ಮರ್ಯಾದೆ ವಾಪಸ್ ಬಂದವು.

"ಬೀಗರು ಒಂದು ಫೋನ್ ಮಾಡ್ಲಿ, ನಾಳೆನ ತರ್ತೀನಿ. ಇಲ್ಲಂದ್ರ ನಮ್ಮೂರಾಗೂ ವೆಲ್ಡಿಂಗ್ ಮಾಡವ್ರ ಅದಾರ" ಎಂದ.

ಮೇಲೆ ವೆಲ್ಡಿಂಗ್ ಹೊಡೆದರೆ ಸಾಲದು ಎಂದು ಹೇಳಿದೆ. ವೈನಿಯೂ ಹೇಳಿದಳು. ಹೆಂಗಸರಿಗೆ ಕಬ್ಬಿಣದ ಕೆಲಸ ಏನು ತಿಳಿಯುತ್ತದೆ ಎಂದು ನಕ್ಕ. ವಾಪಸ್ ಬಂದು ಮಾವನವರಿಗೆ ಒಂದೇ ಒಂದು ಫೋನ್ ಮಾಡಿ ಎಂದು ಬೇಡಿಕೊಂಡೆ. ಮೊದಲು ಅವನು ಮಾಡಲಿ ಎಂದರು. ಹೀಗೆ ಇಬ್ಬರು ಗಂಡಸರು, ಇಬ್ಬರ ಜೇಬಿನಲ್ಲೂ ಫೋನು, ಒಬ್ಬನ ಗಾಡಿಯಲ್ಲಿ ಬಿರುಕು. ನನ್ನ ಗಂಡನಿಗೆ ನೀವಾದರೂ ಮಾಡಿ ಎಂದರೆ, ಅಪ್ಪನ ಮಾತು ಮೀರಿ ಹೇಗೆ ಎಂದು ಕೈ ತೊಳೆದುಕೊಂಡರು. ಅಣ್ಣ ಊರಲ್ಲೇ ಬಿರುಕಿನ ಮೇಲೆ ವೆಲ್ಡಿಂಗ್ ಹೊಡೆಸಿ, ಮೇಲೆ ಕೆಂಪು ಬಣ್ಣ ಬಳಿದು, ಅದರ ಫೋಟೋವನ್ನು ನನಗೆ ಕಳಿಸಿದ. ಏನೂ ಕಾಣುತ್ತಿರಲಿಲ್ಲ. ಆ ಟ್ರೇಲರ್ ಕಾರ್ಖಾನೆಗೆ ಕಬ್ಬು ಹೇರತೊಡಗಿತು.

ತೊಗರಿ ಕೊಯ್ಯುವ ಕಾಲದಲ್ಲಿ ಅದು ಕಿತ್ತು ಬಂತು. ಕಬ್ಬು ಇಳಿಸಿ ಬಂದ ಖಾಲಿ ಟ್ರೇಲರಿನಲ್ಲಿ ಅಣ್ಣ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಹೊಲಕ್ಕೆ ಹೊರಟಿದ್ದ. ಹಳ್ಳ ದಾಟಿ ಏರು ಹತ್ತುವಾಗ ತೊಲೆ ಬುಡದಲ್ಲಿ ಬಿಟ್ಟುಕೊಂಡಿತು. ಟ್ರ್ಯಾಕ್ಟರ್ ಮುಂದೆ ಹೋಯಿತು, ಟ್ರೇಲರ್ ಹಿಂದಕ್ಕೆ ಹೊರಳಿ ಹಳ್ಳಕ್ಕೆ ಇಳಿಯಿತು. ಹೆಂಗಸರು ಜಿಗಿದರು. ಒಬ್ಬಳ ಕೈ ಮುರಿಯಿತು. ಎಲ್ಲರನ್ನೂ ಇಳಿಯಿರಿ ಇಳಿಯಿರಿ ಎಂದು ದೂಡುತ್ತಿದ್ದ ವೈನಿ ಕೊನೆಗೆ ಜಿಗಿದಳು. ಅವಳ ಬಲಗಾಲು ಗಾಲಿಯ ಕೆಳಗೆ ಸಿಕ್ಕಿತು.

ಸೊಲ್ಲಾಪುರದ ಆಸ್ಪತ್ರೆಗೆ ನಾನು ಓಡಿಹೋದಾಗ ಅವಳಿಗೆ ತೊಡೆಯವರೆಗೆ ಪ್ಲಾಸ್ಟರ್ ಹಾಕಿದ್ದರು. ಕಾಲು ಉಳಿಯುತ್ತದೆ, ಮೊದಲಿನಂತೆ ನಡೆಯುವುದು ಕಷ್ಟ ಎಂದು ಡಾಕ್ಟರು ಹೇಳಿದರು. ಅಣ್ಣ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಸ್ಟೂಲಿನಲ್ಲಿ ಕೂತಿದ್ದ. ಅವನನ್ನು ನೋಡಿ ನನಗೆ ಕರುಣೆ ಬರಲಿಲ್ಲ. ಬರಬೇಕಿತ್ತೋ ಏನೋ, ಬರಲಿಲ್ಲ.

ನನ್ನ ಗಂಡ ಆಸ್ಪತ್ರೆಯ ಓಣಿಯಲ್ಲಿ ನಿಂತು ಫೋನ್ ಹಚ್ಚಿದ್ದರು. ಭಯ ಹುಟ್ಟಿದ ಮೇಲೆ ಅವರಿಗೆ ಸರಳ ಕನ್ನಡ ಬಂದಿತ್ತು. ತೊಲೆಯ ಬುಡ ಬಿರುಕು ಬಿಟ್ಟದ, ಮಂದಿನ್ನ ಕೂಡಿಸಬ್ಯಾಡ್ರಿ, ಖಾಲಿ ಗಾಡಿ ತಂದುಬಿಡ್ರಿ, ಎಂದು ಒಬ್ಬೊಬ್ಬ ಮಾಲಕರಿಗೂ ಅಷ್ಟೇ ಹೇಳಿದರು. ಅವರ ಫೋನಿನ ಸಪ್ಪಳ ದೊಡ್ಡದು, ಆ ಕಡೆಯವರ ಮಾತು ನನಗೂ ಕೇಳುತ್ತಿತ್ತು. ಯಾರೂ ಬೈಯಲಿಲ್ಲ. ಯಾರೂ ಇನ್ನು ನಿಮ್ಮ ಅಂಗಡಿ ಮೆಟ್ಟುವುದಿಲ್ಲ ಎನ್ನಲಿಲ್ಲ. ತರುತ್ತೇವೆ ಎಂದರು. ಕರಜಗಿಯ ಒಬ್ಬ ಮುದುಕರು ಮಾತ್ರ ಕೇಳಿದರು.

"ಇಷ್ಟು ಹೇಳಾಕ ಅವತ್ತು ನಮ್ಮ ತಲಿಗಿ ಫೇಟಾ ಯಾಕ ಸುತ್ತಿದ್ರಿ?"

ನನ್ನ ಗಂಡ ಮುಂದಿನವರಿಗೆ ಹಚ್ಚಿದರು.

ಅಷ್ಟರಲ್ಲಿ ಮಾವನವರು ಬಂದರು. ಕೈಯಲ್ಲಿ ಕಾಯಿ, ತೋಳಿನ ಮೇಲೆ ಹಸಿರಂಚಿನ ಶಾಲು. ಮನೆಯಿಂದ ಹೊರಡುವಾಗ ಕೈ ತಾನಾಗಿಯೇ ಆ ಕಪಾಟಿಗೆ ಹೋಗಿರಬೇಕು. ಒಂದು ಮಾತಾದರೂ ಆಡುತ್ತಾರೇನೋ ಎಂದು ಅವರ ಬಾಯಿಯನ್ನೇ ನೋಡಿದೆ. ಗಂಟಲು ಸರಿಮಾಡಿಕೊಂಡು ಶಾಲು ಬಿಚ್ಚಿದರು, ಅಷ್ಟೇ. ನನ್ನ ಅಣ್ಣ ಏನು ಮಾಡಿದ ಗೊತ್ತೇ? ಎದ್ದು ನಿಂತ. ಟೋಪಿ ಹಾಕಿಕೊಂಡ. ಮುರಿದ ಕಾಲಿನ ಹೆಂಡತಿ ಪಕ್ಕದಲ್ಲಿ ಮಲಗಿರುವಾಗ, ತಲೆ ಬಾಗಿಸಿ ಶಾಲು ಹೊದಿಸಿಕೊಂಡ. ಬೀಗರಿಬ್ಬರೂ ಕೈ ಮುಗಿದುಕೊಂಡರು. ಇಬ್ಬರ ಕಣ್ಣೂ ಒದ್ದೆಯಾದವು. ಅವರ ಪಾಲಿಗೆ ಎಲ್ಲ ಸರಿಹೋಗಿತ್ತು. ನನಗೆ ಹೇಸಿಗೆಯಾಯಿತು.

ವೈನಿ ಮಂಚದ ಮೇಲಿಂದ ಎಲ್ಲವನ್ನೂ ನೋಡುತ್ತಿದ್ದಳು. ಬೀಗರ ಮುಂದೆ ಯಾವತ್ತೂ ದನಿ ಎತ್ತಿದವಳಲ್ಲ. ಆಗಲೂ ಎತ್ತಲಿಲ್ಲ, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡೇ ಹೇಳಿದಳು.

"ಬೀಗರ, ಆ ಶಾಲು ಇತ್ತ ಕೊಡ್ರಿ. ಕಾಲ ಕೆಳಗ ಇಡಾಕ ಮುಂಜಾನಿಂದ ಏನರ ಬೇಕಾಗಿತ್ತು."

ಇಬ್ಬರೂ ಅಲುಗಾಡಲಿಲ್ಲ. ನಾನು ಅಣ್ಣನ ಹೆಗಲಿನಿಂದ ಶಾಲು ತೆಗೆದೆ. ಮಡಿಸುವಾಗ ತುದಿಯಲ್ಲಿ ನನ್ನ ಅರಿಶಿನದ ಕಲೆ ಕಂಡಿತು. ಕಲೆ ಮೇಲೆ ಬರುವ ಹಾಗೆ ದಪ್ಪಗೆ ಮಡಿಸಿ, ಪ್ಲಾಸ್ಟರಿನ ಕಾಲನ್ನು ಎರಡೂ ಕೈಯಿಂದ ಎತ್ತಿ, ವೈನಿಯ ಹಿಮ್ಮಡಿಯ ಕೆಳಗೆ ಇಟ್ಟೆ. ಮಾವನವರು ನೋಡುತ್ತ ನಿಂತರು. ಆ ಶಾಲು ನಮ್ಮ ಕಪಾಟಿಗೆ ಮತ್ತೆ ಬರಲಿಲ್ಲ.